ಇಬ್ಬರಲ್ಲಿ ಒಬ್ಬರು

"ಒಂದ್ನಿಮಿಷ ನನ್ನ ರೂಮಿಗೆ ಬರ್ತೀರಾ?" ಎಂದು ಡಾಕ್ಟರು ಬಾಗಿಲಲ್ಲೇ ನಿಂತು ಕೇಳುವಾಗ ಅಕ್ಕ ಆಗಲೇ ಕುರ್ತಾದ ಎಡತೋಳನ್ನು ಮಡಚಿ ಮೇಲೇರಿಸಿಕೊಂಡು ಕುರ್ಚಿಗೆ ಒರಗಿದ್ದಳು. ಪಕ್ಕದ ಕುರ್ಚಿಯಲ್ಲಿ ತಮ್ಮನಿಗೆ ನರ್ಸು ಸೂಜಿ ಚುಚ್ಚುತ್ತಿದ್ದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಗೋಡೆಗೆ ತಿರುಗಿಸಿದ್ದ. ನಲವತ್ತರ ಹತ್ತಿರ ಬಂದ ಗಂಡಸು, ಲಿಫ್ಟ್ ರಿಪೇರಿಯವನು; ಹತ್ತು ಹನ್ನೆರಡು ಮಹಡಿಯ ಕತ್ತಲ ಬಾವಿಯಲ್ಲಿ ಹಗ್ಗ ಹಿಡಿದು ಇಳಿಯುವ ಧೈರ್ಯ ಈ ಸೂಜಿಯ ಮುಂದೆ ಮಾತ್ರ ಎಲ್ಲಿ ಹೋಗುತ್ತಿತ್ತೋ. ಮೀಸೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಅಕ್ಕನ ಬಾಯಲ್ಲಿ ಅವನಿನ್ನೂ ಪುಟ್ಟನೇ.

"ಹೋಗ್ ಬಾ, ಹೆಡ್‌ಮಾಸ್ಟರ್ ಕರೀತಿದಾರೆ," ಎಂದ ಪುಟ್ಟ ಕಣ್ಣು ಬಿಡದೆಯೇ. "ನಾನೇನೂ ಮಾಡಿಲ್ಲ ಅಂತ ಹೇಳ್ಬಿಡು."

ಅಕ್ಕ ನಗುತ್ತಲೇ ಎದ್ದಳು. ಡಾಕ್ಟರ ಕೋಣೆಯೊಳಗೆ ಕಾಲಿಟ್ಟಾಗಲೂ ಆ ನಗು ಪೂರ್ತಿ ಆರಿರಲಿಲ್ಲ. ಮೇಜಿನ ಮೇಲೆ ಎರಡು ಹೋಳಾಗಿ ಬಿಚ್ಚುವ ಪ್ಲಾಸ್ಟಿಕ್ಕಿನ ಮೆದುಳು, ಅದರ ಮೇಲೆ ಯಾರೋ ಒಣಗಲು ಬಿಟ್ಟಂತೆ ಡಾಕ್ಟರ ಕನ್ನಡಕ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಗಿರಾಕಿಗಳಿಗೆ ಕೂರಿಸಿಕೊಡುವ ಕೆಲಸದ ಅಕ್ಕನಿಗೆ ಅದರ ಒಂದು ಕಾಲು ಸಡಿಲವಾಗಿರುವುದು ಮೊದಲು ಕಂಡಿತು. ಡಾಕ್ಟರು ಬಾಗಿಲು ಹಾಕಿದರು. ಇಷ್ಟು ದಿನದಲ್ಲಿ ಅವರು ಬಾಗಿಲು ಹಾಕಿ ಮಾತಾಡಿದ್ದೇ ಇಲ್ಲ.

"ಹೋದ ವಾರದ ಸ್ಕ್ಯಾನ್ ನೋಡಿ, ಈ ತಿಂಗಳು ನಿಮಗೆ ಡ್ರಿಪ್ ಹಾಕೋದು ಬೇಡ ಅಂದಿದಾರೆ. ಮೆದುಳಲ್ಲಿ ಸ್ವಲ್ಪ ಊತ ಕಾಣ್ತಿದೆ. ಮುಂದಿನ ವಾರ ಇನ್ನೊಂದ್ಸಲ ಸ್ಕ್ಯಾನ್ ಮಾಡೋಣ. ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ತಕ್ಷಣ ಫೋನ್ ಮಾಡಿ. ಗಾಬರಿ ಆಗೋ ಅಂಥದ್ದೇನಿಲ್ಲ, ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ."

"ಬೇಡ ಅಂದಿದ್ದು ಯಾರು?"

"ಸ್ಕ್ಯಾನ್ ನೋಡೋರು. ಎಲ್ಲಾ ದೇಶಗಳ ಸ್ಕ್ಯಾನೂ ಒಂದೇ ಕಡೆ ಹೋಗುತ್ತಲ್ಲ, ಅಲ್ಲಿಯವರು."

ಅಕ್ಕ ಆ ಮನುಷ್ಯನನ್ನು ಕಲ್ಪಿಸಿಕೊಳ್ಳಲು ನೋಡಿದಳು. ಎಲ್ಲೋ ದೂರದೇಶದ ಕೋಣೆಯಲ್ಲಿ ಕೂತು, ಹೆಸರಿಲ್ಲದ ಬರೀ ನಂಬರಿನ ತಲೆಯೊಳಗೆ ಇಣುಕಿ, ಒಂದು ಬಿಳಿ ಮಚ್ಚೆ ಕಂಡು, ನಾಲ್ಕು ಸಾಲು ಬರೆದು ಊಟಕ್ಕೆ ಎದ್ದು ಹೋದವನು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ತನ್ನ ಕೆಲಸ ಮಾಡಿದ.

"ಔಷಧ ಹೋಗ್ತಿರೋರಿಗೆ ತಾನೇ ಹೀಗಾಗೋದು?" ಎಂದು ಕೇಳಿದಳು.

ಡಾಕ್ಟರು ಕನ್ನಡಕ ಎತ್ತಿಕೊಂಡು ತಮ್ಮ ಕೋಟಿನ ಅಂಚಿನಿಂದ ಒರೆಸತೊಡಗಿದರು. "ಬೇರೆ ಕಾರಣಕ್ಕೂ ಆಗಬಹುದು. ಯಾರಿಗೆ ಏನು ಹೋಗ್ತಿದೆ ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ರೂ ಹೇಳೋ ಹಾಗಿಲ್ಲ. ತಿಳ್ಕೊಳ್ಳೋದು ಬೇಡ ಅಂತ ಬರೆದುಕೊಟ್ಟಿದ್ದು ನೀವೇ ಅಲ್ವಾ? ಈಗ ತಿಳ್ಕೋಬೇಕು ಅನ್ಸಿದ್ರೆ ಅದಕ್ಕೊಂದು ದಾರಿ ಇದೆ..."

"ಬೇಡ," ಎಂದಳು ಅಕ್ಕ. ಬೇಡ ಎನ್ನುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ ಬಾಯಿಗೆ ರೂಢಿಯಾದ ಮಾತು.

ಹನ್ನೊಂದು ದೇಶಗಳವರು ಸೇರಿ ಕಟ್ಟಿದ ವ್ಯವಸ್ಥೆ ಅದು. ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬಹಳ ಜನಕ್ಕೆ ಮುಪ್ಪಿನಲ್ಲಿ ಬರುತ್ತದೆ. ಆದರೆ ಲೋಕದಲ್ಲಿ ಅಲ್ಲೊಂದು ಇಲ್ಲೊಂದು ಮನೆತನಕ್ಕೆ ಅದು ಆಸ್ತಿಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಅದೂ ನಡುವಯಸ್ಸಿನಲ್ಲೇ. ಒಂದೇ ದೇಶದಲ್ಲಿ ಹುಡುಕಿದರೆ ಅಂಥವರು ಬೆರಳೆಣಿಕೆಯಷ್ಟೂ ಸಿಗುವುದಿಲ್ಲವಾದ್ದರಿಂದ ದೇಶದೇಶಗಳವರು ಕೈಜೋಡಿಸಿದರು. ಕಾಯಿಲೆ ತಲೆ ಎತ್ತುವ ಮೊದಲೇ ಔಷಧ ಕೊಟ್ಟು ನೋಡೋಣ ಎಂದರು. ಯಾರಲ್ಲಿ ಆ ವಂಶವಾಹಿಯ ದೋಷ ಇದೆ ಎಂಬುದು ರಕ್ತದಲ್ಲಿ ತಿಳಿಯುತ್ತದೆ, ಆದರೆ ಅದನ್ನು ತಿಳಿದುಕೊಂಡು ಬದುಕುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಅದಕ್ಕೇ ಮನೆಯವರೆಲ್ಲರಿಗೂ ಡ್ರಿಪ್. ದೋಷ ಇಲ್ಲದವರಿಗೆ ಬರೀ ಉಪ್ಪುನೀರು. ಇರುವವರಲ್ಲಿ ಹೆಚ್ಚಿನವರಿಗೆ ಔಷಧ, ಕೆಲವರಿಗೆ ಉಪ್ಪುನೀರು. ಚೀಲಗಳಿಗೆಲ್ಲ ಒಂದೇ ಕಂದು ಹೊದಿಕೆ. ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. ಮನುಷ್ಯರ ಭಯಕ್ಕೆ ಇಷ್ಟು ಮರ್ಯಾದೆ ಕೊಟ್ಟ ಏರ್ಪಾಡನ್ನು ಅಕ್ಕ ಬೇರೆಲ್ಲೂ ಕಂಡಿರಲಿಲ್ಲ.

ಆದರೆ ಎಲ್ಲ ಏರ್ಪಾಡಿಗೂ ಒಂದು ಸಂದು ಇರುತ್ತದೆ. ಈ ಮನೆತನಗಳವರೆಲ್ಲ ಆಗಾಗ ಪರದೆಯ ಮೇಲೆ ಒಟ್ಟು ಸೇರುವುದಿತ್ತು. ಯಾರು ಏನು ಮಾತಾಡಿದರೂ ದುಭಾಷಿ ಹೆಂಗಸೊಬ್ಬಳು ಅದೇ ಒಂದು ಸಪ್ಪೆ ದನಿಯಲ್ಲಿ ತಿರುಗಿಸಿ ಹೇಳುತ್ತಿದ್ದಳು. ಒಮ್ಮೆ ಯಾವುದೋ ಕಡಲತೀರದ ಮೀನುಗಾರನೊಬ್ಬ, ಗಟ್ಟಿಮುಟ್ಟಾದ ಆಳು, ಪರದೆಯಲ್ಲಿ ಅಳುತ್ತಾ ಮಾತಾಡಿದ್ದ. ದುಭಾಷಿ ಅಳದೆ ಹೇಳಿದ್ದಳು: "ಸ್ಕ್ಯಾನ್‌ನಲ್ಲಿ ಊತ ಇದೆ ಅಂತ ನನ್ನ ಡ್ರಿಪ್ ನಿಲ್ಲಿಸಿದರು. ಯಾರೂ ನನಗೆ ಏನೂ ಹೇಳಲಿಲ್ಲ. ಮನೆಗೆ ಹೋಗಿ ಹೆಂಡತಿಗೆ, ದೋಣಿ ಮಾರಿಬಿಡೋಣ ಅಂದೆ." ಬರೀ ನೀರು ಹೋದವರ ಮೆದುಳು ಊದಿಕೊಳ್ಳುವುದಿಲ್ಲ. ಔಷಧ ಹೋಗುವುದು ದೋಷ ಇದ್ದವರಿಗೆ ಮಾತ್ರ. ಕೂಡಿಸಿ ನೋಡಲು ಯಾವ ಶಾಲೆಗೂ ಹೋಗಬೇಕಿಲ್ಲ. ಪುಟ್ಟ ಆ ದಿನ ಇರಲಿಲ್ಲ. ಆ ಸಭೆ ಇದ್ದಾಗಲೆಲ್ಲ ಊರಲ್ಲಿ ಎಲ್ಲೋ ಒಂದು ಲಿಫ್ಟ್ ಕೆಟ್ಟು ನಿಲ್ಲುತ್ತಿತ್ತು, ಅವನು ಹೋಗಲೇಬೇಕಾಗುತ್ತಿತ್ತು.

"ಡಾಕ್ಟರೇ, ಒಂದು ಮಾತು," ಎಂದಳು ಅಕ್ಕ. "ನನಗೂ ಒಂದು ಚೀಲ ತೂಗುಹಾಕಿಸಿ. ಬರೀ ನೀರಿಂದೇ ಹಾಕಿ. ನನ್ನ ತಮ್ಮನ ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ."

"ಅದು ಆಗಲ್ಲ. ಹಾಗೆ ಹಾಕೋಕೆ ನನಗೆ ಅಧಿಕಾರ ಇಲ್ಲ."

"ಸೂಜಿನೂ ಬೇಡ. ಒಂದು ಪಟ್ಟಿ ಸುತ್ತಿ ಪೈಪ್ ಅಂಟಿಸಿದ್ರೆ ಸಾಕು."

ಡಾಕ್ಟರು ಆಗದೆಂದು ತಲೆಯಾಡಿಸಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. "ತಮ್ಮನಿಗೆ ಹೇಳಲೇಬೇಕು ಅಂತಿಲ್ಲ. ಹೇಳೋದು ಬಿಡೋದು ನಿಮ್ಮಿಷ್ಟ," ಎಂದರು. ಇಷ್ಟವಂತೆ!

ಕಾರಿಡಾರಿನಲ್ಲಿ ನೀರಿನ ಯಂತ್ರದ ಮುಂದೆ ಅಕ್ಕ ನಿಂತಳು. ಲೋಟ ಹಿಡಿದಳು, ನೀರು ತುಂಬಿತು, ಕುಡಿಯಲಿಲ್ಲ. ಭಯ ಎಂದರೆ ಎದೆ ಬಡಿದುಕೊಳ್ಳುವುದು ಎಂದುಕೊಂಡಿದ್ದಳು. ಈಗ ನೋಡಿದರೆ ಎದೆ ತಣ್ಣಗೆ ತನ್ನ ಪಾಡಿಗೆ ತಾನಿತ್ತು. ಅಪ್ಪ ನೆನಪಾದ. ಅಪ್ಪನದು ಕ್ಷೌರದ ಅಂಗಡಿ. ಒಂದು ದಿನ ಗಿರಾಕಿಯ ಅರ್ಧ ಕೆನ್ನೆ ಬೋಳಿಸಿ, ಕತ್ತಿ ಕೆಳಗಿಟ್ಟು, ಬೆಂಚಿನ ಮೇಲೆ ಕೂತು ಪೇಪರ್ ಓದತೊಡಗಿದ. ಗಿರಾಕಿ ಒಳ್ಳೆಯವನು, ಬಿಡುವಾಗಲಿ ಎಂದು ಸೋಪಿನ ಮುಖದಲ್ಲೇ ಕಾದ. ಕೊನೆಗೆ ಕೆಮ್ಮಿದ. ಅಪ್ಪ ತಲೆಯೆತ್ತಿ, "ಬನ್ನಿ, ಕೂತ್ಕೊಳ್ಳಿ, ಏನು, ಕಟಿಂಗಾ ಶೇವಿಂಗಾ?" ಎಂದನಂತೆ. ಊರೆಲ್ಲ ನಕ್ಕಿತು, ಅಪ್ಪನೂ ನಕ್ಕ. ಆಗ ಅವನಿಗೆ ಇನ್ನೂ ಐವತ್ತಾಗಿರಲಿಲ್ಲ. ಆಮೇಲೆ ನಗುವಂಥದ್ದು ಏನೂ ಉಳಿಯಲಿಲ್ಲ. ಅಂಥ ದಿನಗಳನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದೆಂದೇ ಅಕ್ಕ ಮದುವೆಯ ಮಾತಿಗೆ ಎಳ್ಳುನೀರು ಬಿಟ್ಟಿದ್ದಳು.

ಅಪ್ಪನ ಒಡಹುಟ್ಟಿದವರು ಅಪ್ಪನೂ ಸೇರಿ ನಾಲ್ವರು. ಅಪ್ಪನಿಗೂ ದೊಡ್ಡತ್ತೆಗೂ ಬಂತು. ಚಿಕ್ಕಪ್ಪನೂ ಚಿಕ್ಕತ್ತೆಯೂ ಪಾರಾದರು. ಅಜ್ಜನ ಕಾಲದಲ್ಲೂ ಸರೀ ಅರ್ಧದಷ್ಟು ಮಂದಿಗೇ ಬಂದದ್ದಂತೆ. ಇದರ ಮೇಲೆ ಪುಟ್ಟ ತನ್ನದೇ ಒಂದು ಶಾಸ್ತ್ರ ಕಟ್ಟಿಕೊಂಡಿದ್ದ: ನಾಲ್ವರಲ್ಲಿ ಇಬ್ಬರಾದರೆ ಇಬ್ಬರಲ್ಲಿ ಒಬ್ಬರು. ಹಾಗಲ್ಲ ಮಾರಾಯರೇ, ಪ್ರತಿ ಮಗುವಿಗೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ, ಇಬ್ಬರಿಗೂ ಬರಬಹುದು, ಇಬ್ಬರಿಗೂ ಬಾರದಿರಬಹುದು ಎಂದು ಡಾಕ್ಟರು ನಾಣ್ಯವನ್ನೇ ಚಿಮ್ಮಿ ತೋರಿಸಿದ್ದರು. ಪುಟ್ಟ ಎಲ್ಲಕ್ಕೂ ತಲೆಯಾಡಿಸಿ, ಹೊರಗೆ ಬಂದ ಮೇಲೆ, "ಅವರು ಹೇಳೋದು ಅವರ ಪುಸ್ತಕದ್ದು. ನಮ್ಮ ಮನೆದು ನಮಗೆ ಗೊತ್ತಿಲ್ವಾ?" ಎಂದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಮೊಲವೇ ಈಗ ಅಕ್ಕನ ದಾರಿಗೆ ಅಡ್ಡ ಕೂತಿತ್ತು. ಪುಟ್ಟನ ಹೆಂಡತಿ ತುಂಬು ಬಸುರಿ. ಬಹಳ ವರ್ಷ ಹಿಂದೆಮುಂದೆ ನೋಡಿ, ಕೊನೆಗೆ ಆದದ್ದಾಗಲಿ ಎಂದು ಧೈರ್ಯ ಮಾಡಿದ ಮಗು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅವನು ಸುಮ್ಮನೆ ಕಿಟಕಿಯಾಚೆ ನೋಡುತ್ತಾ, "ಅಕ್ಕ, ಇದೇ ಕೊನೆ ಮಾಡಿಬಿಡೋಣ್ವಾ? ಸಾಕಾಗಿದೆ ನನಗೆ. ತಿಂಗಳಾ ತಿಂಗಳಾ ಬಂದು ಸೂಜಿ ಚುಚ್ಚಿಸ್ಕೊಂಡಾಗಲೆಲ್ಲ ಅಪ್ಪನೇ ಕಣ್ಮುಂದೆ ಬರ್ತಾನೆ," ಎಂದಿದ್ದ. "ನಾನು ಬಿಟ್ಟ ದಿನ ನೀನೂ ಬಿಡು," ಎಂದು ಅಕ್ಕ ಗದರಿಸಿದ್ದಳು. ಈಗ ಹೋಗಿ, ಪುಟ್ಟ, ನನಗೆ ದೋಷ ಇದೆ ಎಂದರೆ ಅವನು ಅತ್ತಾನು, ತಬ್ಬಿಕೊಂಡಾನು. ಆದರೆ ಅವನ ಲೆಕ್ಕದಲ್ಲಿ ಅವನು ಅಲ್ಲಿಗೆ ಪಾರು. ಸೂಜಿ ಕಿತ್ತು ಮನೆಗೆ ನಡೆದುಬಿಡುತ್ತಾನೆ. ನಾಣ್ಯ ಅವನಿಗೂ ಅದೇ ಮಗ್ಗುಲಿಗೆ ಬಿದ್ದಿದ್ದರೆ? ಇನ್ನು ಹತ್ತು ವರ್ಷಕ್ಕೆ ಆ ಮಗು ತನ್ನಪ್ಪ ಅರ್ಧ ಕೆಲಸಕ್ಕೆ ಕೂತುಬಿಡುವುದನ್ನು ನೋಡಬೇಕೆ?

ಹೇಳದೆ ಇರುವುದೂ ಸುಲಭವಲ್ಲ. ಹೇಳಿಕೊಂಡು ಅಳಲು ಅವಳಿಗೆ ಲೋಕದಲ್ಲಿ ಇದ್ದದ್ದು ಅವನೊಬ್ಬನೇ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಇನ್ನೂ ಒಂದು ಹುಳ ಒಳಗೇ ಕೊರೆಯುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯಾಯಿತು: ನನಗೆ ಇದೆ ಎಂದು ಕೇಳಿದ ಗಳಿಗೆಯಲ್ಲಿ ಅವನ ಮುಖದ ಮೇಲೆ ಸಂತೋಷ ಸುಳಿದರೆ ಅದನ್ನು ನಾನು ಹೇಗೆ ನೋಡಲಿ? ದಿನವಿಡೀ ಜನರ ಮುಖದ ಮೇಲೆ ಕನ್ನಡಕ ಕೂರಿಸಿ ನೋಡುವ ಕೆಲಸ ಅವಳದು. ಮುಖದಲ್ಲಿ ಏನು ಬಂದು ಹೋದರೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಲೋಟದ ನೀರನ್ನು ಚೆಲ್ಲಿ ಒಳಗೆ ಹೋದಳು.

ಡ್ರಿಪ್ ಕೋಣೆಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಪುಟ್ಟನ ತಲೆಯ ಮೇಲೆ ಕಂದು ಹೊದಿಕೆಯ ಚೀಲ ತೂಗುತ್ತಿತ್ತು, ಕಂಬಕ್ಕೆ ಕಟ್ಟಿದ ಯಂತ್ರ ಸಣ್ಣಗೆ ಗುರುಗುಡುತ್ತಿತ್ತು. ಅವನು ನರ್ಸಿನ ಮುಂದೆ ತನ್ನ ಸಾಹಸ ಕೊಚ್ಚಿಕೊಳ್ಳುತ್ತಿದ್ದ. "ಲಿಫ್ಟಲ್ಲಿ ಸಿಕ್ಕಾಕೊಂಡೋರಿಗೆ ನಾವು ಮೊದ್ಲು ಹೇಳೋದು ಏನ್ ಗೊತ್ತಾ ಸಿಸ್ಟರ್? ಬಾಗಿಲು ಮಾತ್ರ ಒತ್ತಬೇಡ್ರಪ್ಪಾ ಅಂತ. ಅವರು ಮೊದ್ಲು ಮಾಡೋದೇ ಅದು." ನರ್ಸು ನಕ್ಕು, ಟ್ರೇ ಎತ್ತಿಕೊಂಡು ಹೊರಗೆ ಹೋದಳು. ಅಕ್ಕ ತನ್ನ ಕುರ್ಚಿಯಲ್ಲಿ ಕೂತು ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡಳು.

"ಯಾಕೆ? ನಿಂಗಿಲ್ವಾ?"

"ಈ ತಿಂಗಳು ಬೇಡ ಅಂದ್ರು. ರಕ್ತ ಕಮ್ಮಿ ಇದೆಯಂತೆ."

"ರಕ್ತ ಕಮ್ಮಿ ಇದ್ರೆ ಇದನ್ಯಾಕೆ ನಿಲ್ಲಿಸ್ತಾರೆ? ಹೋದ ವರ್ಷ ನಂಗೂ ಕಮ್ಮಿ ಇತ್ತು. ಮಾತ್ರೆ ಕೊಟ್ರು, ಇದನ್ನೂ ಚುಚ್ಚಿದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಅಕ್ಕ ತನ್ನ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. "ನನಗೇನು ಗೊತ್ತು? ಅವರು ಹೇಳಿದ್ದು ಅಷ್ಟೇ."

"ಅಕ್ಕ, ಈ ಕಡೆ ನೋಡು."

ನೋಡಿದಳು. ಸಣ್ಣವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದವನು ಅವನು, ಹಿಡಿಯುತ್ತಿದ್ದವಳು ಅವಳು. ಈಗ ಅದು ತಿರುಗುಮುರುಗಾಗಿತ್ತು. ಹೇಳಿಯೇಬಿಡೋಣ ಅನ್ನಿಸಿತು. ಆದದ್ದಾಗಲಿ, ಈ ಭಾರವನ್ನು ಒಬ್ಬಳೇ ಬಸ್ಸಿನಲ್ಲಿ ಕೂರಿಸಿಕೊಂಡು ಮನೆಗೆ ಹೋಗಲಾರೆ. "ಪುಟ್ಟ," ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಅವನ ಮುಖ ಅರಳಿತು.

"ಅಯ್ಯೋ ಅಕ್ಕ! ನಿಂಗಿಲ್ಲ!" ಅವನು ಎದ್ದು ಕೂತ ರಭಸಕ್ಕೆ ಡ್ರಿಪ್ಪಿನ ಪೈಪು ತೂಗಾಡಿತು. "ನಿಂಗಿಲ್ಲ ಅಲ್ವಾ? ಇಲ್ದೋರಿಗೆ ಸುಮ್ನೆ ಯಾಕೆ ಚುಚ್ಚೋದು ಅಂತ ನಿಲ್ಲಿಸಿದಾರೆ! ಅದಕ್ಕೇ ಒಳಗೆ ಕರೆದಿದ್ದು. ತಮ್ಮನ ಮುಂದೆ ಹೇಳ್ಬೇಡಿ ಅಂದಿರ್ತಾರೆ, ನೀನು ನನ್ನ ಮುಖ ನೋಡೋಕಾಗ್ದೆ ರಕ್ತ ಕಮ್ಮಿ, ಗಿಕ್ತ ಕಮ್ಮಿ ಅಂತ ಏನೇನೋ ಹೇಳ್ತಿದೀಯ. ಹೌದಾ ಇಲ್ವಾ?"

ಅವನು ಸೂಜಿಯಿಲ್ಲದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಅವಳು ಕಾರಿಡಾರಿನಲ್ಲಿ ಹೆದರಿದ್ದ ಸಂತೋಷ ಇದೋ ಇಲ್ಲಿತ್ತು, ಆದರೆ ಅದು ಅವಳಿಗಾಗಿ ಪಟ್ಟ ಸಂತೋಷವಾಗಿತ್ತು. ಅವನನ್ನು ಕುರಿತು ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ನೀನಾದ್ರೂ ಉಳ್ಕೊಂಡ್ಯಲ್ಲ," ಎಂದ ಪುಟ್ಟ. "ಮದ್ವೆ ಬೇಡ, ಮಕ್ಕಳು ಬೇಡ ಅಂತ ಎಲ್ಲಾ ಬಿಟ್ಟು ಕೂತಿದ್ದೆ. ದೇವ್ರು ಇದಾನೆ ಬಿಡು."

ಆಮೇಲೆ ಅವನ ಲೆಕ್ಕದ ಇನ್ನರ್ಧ ಅವನನ್ನು ಬಂದು ಮುಟ್ಟಿತು. ನಗು ಬಾಯಿಯ ಮೇಲೆ ಹಾಗೇ ಇತ್ತು, ಮುಖದ ಬಣ್ಣ ಮಾತ್ರ ಇಳಿಯಿತು. ಅವಳ ಮಣಿಕಟ್ಟು ಬಿಟ್ಟು, ಸೂಜಿ ಅಂಟಿಸಿದ ತನ್ನ ಕೈಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿಕೊಂಡ.

"ಹಾಗಾದ್ರೆ ನಂದೇ," ಎಂದ. "ಸರಿ ಬಿಡು. ಇಬ್ಬರಲ್ಲಿ ಯಾರಾದ್ರೂ ಒಬ್ಬರು ಹೊರಲೇಬೇಕಿತ್ತಲ್ಲ."

"ಹಾಗೆಲ್ಲ ಲೆಕ್ಕ ಇಲ್ಲ ಪುಟ್ಟ!" ಅವಳ ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಡಾಕ್ಟರು ಎಷ್ಟು ಸಲ ಹೇಳಿಲ್ಲ? ನಂದು ಏನೇ ಇರ್ಲಿ, ಅದಕ್ಕೂ ನಿಂದಕ್ಕೂ ಸಂಬಂಧ ಇಲ್ಲ. ನಿನಗೆ ಇಲ್ದೇನೂ ಇರಬಹುದು."

"ಆಯ್ತು, ಆಯ್ತು. ಸಮಾಧಾನ ಮಾಡ್ಬೇಡ ನನಗೆ."

"ಸಮಾಧಾನ ಅಲ್ಲ ಕಣೋ, ನಿಜ ಹೇಳ್ತಿದೀನಿ. ಕೇಳು, ಒಳಗೆ ಅವರು ನನಗೆ ಹೇಳಿದ್ದು..."

"ಬೆಳಿಗ್ಗೆ ಅಂದಿದ್ನಲ್ಲ ಅಕ್ಕ, ಬಿಟ್ಟುಬಿಡೋಣ ಅಂತ," ಎಂದ ಅವನು, ಅವಳ ಮಾತು ಕಿವಿಗೆ ಬೀಳದವನಂತೆ. "ಅದನ್ನ ಮರೆತುಬಿಡು. ಇನ್ಮೇಲೆ ಒಂದು ತಿಂಗಳೂ ತಪ್ಪಿಸಲ್ಲ. ಆ ಮಗುಗೆ ಒಂದು ಹತ್ತು ಹದಿನೈದು ವರ್ಷ ಆದ್ರೂ ನಾನು ಸರಿ ಇರಬೇಕು. ಇದು ಔಷಧಾನೇ ಆಗಿರ್ಲಪ್ಪಾ ಅಂತ ಬೇಡ್ಕೊಳ್ತೀನಿ ಅಷ್ಟೇ."

ಅಕ್ಕನ ಬಾಯಿ ಮುಚ್ಚಿತು. ಬೇಕಾದದ್ದು ಇದೇ ಅಲ್ಲವೇ? ಅವನು ತಪ್ಪದೆ ಬರುವುದು. ಅವಳು ಬೇಡಿಕೊಂಡು, ಗದರಿಸಿ, ಮೂಗು ಹಿಡಿದು ಎಳೆತಂದರೂ ಆಗದ ಕೆಲಸ ಒಂದು ತಪ್ಪು ಲೆಕ್ಕದಿಂದ ಆಗಿಹೋಗಿತ್ತು. ಅದನ್ನು ತಿದ್ದಿದರೆ ಅವನು ಎದ್ದು ಹೋಗುತ್ತಾನೆ. ತಿದ್ದದಿದ್ದರೆ ಇವತ್ತಿನಿಂದ ಅವನು ಮರೆತ ಬೀಗದಕೈಗೊಮ್ಮೆ, ತಪ್ಪಿದ ಹೆಸರಿಗೊಮ್ಮೆ ಸಾಯುತ್ತಾನೆ, ಬಹುಶಃ ಯಾವ ಕಾರಣವೂ ಇಲ್ಲದೆ. ಅತ್ತ ದರಿ, ಇತ್ತ ಪುಲಿ. ಗಾದೆ ಕಟ್ಟಿದವರು ನಡುವೆ ನಿಂತವಳು ಏನು ಮಾಡಬೇಕೆಂದು ಮಾತ್ರ ಹೇಳಿಲ್ಲ.

ಪುಟ್ಟ ಆಗಲೇ ಎಡಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಿದ್ದ. "ಬೇಡ ಕಣೋ, ಈಗ ಬೇಡ, ಅವಳಿರೋ ಸ್ಥಿತಿಲಿ..." ಎಂದಳು ಅಕ್ಕ. ಅವನು ಕೇಳಲಿಲ್ಲ.

"ಲೇ, ಒಂದು ಸಿಹಿಸುದ್ದಿ," ಎಂದ ಹೆಂಡತಿಗೆ. "ನಮ್ಮಕ್ಕನಿಗೆ ಇಲ್ವಂತೆ! ಹೂಂ ಕಣೇ, ಇವತ್ತಿಂದ ಡ್ರಿಪ್ಪೇ ನಿಲ್ಲಿಸಿಬಿಟ್ರು." ಅವಳೂ ಈ ಮನೆಗೆ ಸೊಸೆಯಾಗಿ ಬಂದು ಇದೇ ಲೆಕ್ಕ ಕಲಿತವಳು. ಪುಟ್ಟ ಸ್ವಲ್ಪ ಹೊತ್ತು ಕಿವಿಗೆ ಫೋನ್ ಒತ್ತಿಕೊಂಡು, "ಅಳಬೇಡ್ವೇ, ಅಳೋದೇನಿದೆ ಇದರಲ್ಲಿ," ಎಂದ. ಆಮೇಲೆ ಫೋನನ್ನು ಅಕ್ಕನ ಕಡೆ ಚಾಚಿದ. "ನಿನ್ನ ಹತ್ರ ಮಾತಾಡಬೇಕಂತೆ."

"ಅಕ್ಕ," ಎಂದಳು ಅವಳು. ಮೂಗು ಕಟ್ಟಿದ ದನಿ. "ಅಕ್ಕ, ನಿಜಾನಾ?"

ಎದುರಿಗೆ ಪುಟ್ಟ ಅವಳನ್ನೇ ನೋಡುತ್ತಿದ್ದ, ಹುಬ್ಬು ಎತ್ತಿ, ಹೇಳು ಹೇಳು ಎನ್ನುವಂತೆ. ರಕ್ತ ಕಮ್ಮಿ ಎಂಬ ನೆಪ ಬಿಟ್ಟರೆ ಅಕ್ಕ ಇಷ್ಟು ಹೊತ್ತು ಸುಮ್ಮನಿದ್ದಳಷ್ಟೆ, ತನಗಿಲ್ಲ ಎಂದು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ.

"ಹೂಂ," ಎಂದಳು.

"ಒಳ್ಳೇದಾಯ್ತು ಅಕ್ಕ. ನೀವು ತುಂಬಾ ಕಷ್ಟಪಟ್ಟಿದೀರ. ತುಂಬಾ ಒಳ್ಳೇದಾಯ್ತು." ಬಿಕ್ಕಳಿಕೆಯನ್ನು ಅವಳು ಎಲ್ಲೋ ಅದುಮಿ ಹಿಡಿದದ್ದು ಇಲ್ಲಿಗೂ ಕೇಳಿಸಿತು. "ಇನ್ನು ನೀವು ಅಲ್ಲಿಗೆ ಬರೋ ಅಗತ್ಯ ಇಲ್ಲ, ಗೊತ್ತು. ಆದ್ರೂ ಇವರ ಜೊತೆ ಬರ್ತೀರಲ್ಲ? ಒಬ್ಬರನ್ನೇ ಬಿಡ್ಬೇಡಿ ಅಕ್ಕ."

"ಬರ್ತೀನಮ್ಮ. ಬರ್ದೆ ಇರ್ತೀನಾ."

ಫೋನ್ ಹಿಂತಿರುಗಿಸುವಾಗ ಅವಳಿಗೆ ಮುಂದಿನದು ಹೊಳೆಯಿತು. ಊತ ಇಳಿದ ಮೇಲೆ ಅವಳ ಡ್ರಿಪ್ ಮತ್ತೆ ಶುರುವಾಗುತ್ತದೆ. ಆಗ ಅದಕ್ಕೆ ಬೇರೆ ದಿನ ಕೇಳಿಕೊಳ್ಳಬೇಕು, ಅಂಗಡಿಗೆ ಒಂದು ನೆಪ ಹೇಳಬೇಕು, ಇವನ ಕಣ್ಣು ತಪ್ಪಿಸಿ ಬಂದು ಈ ಕುರ್ಚಿಯಲ್ಲೇ ಒಬ್ಬಳೇ ಕೂರಬೇಕು. ತೋಳಿನ ಮೇಲಿನ ಗುರುತು ಕಾಣದ ಹಾಗೆ ಬಟ್ಟೆ ಹಾಕಬೇಕು. ಮತ್ತೆ ಇವನ ದಿನ ಇವನ ಜೊತೆ ಬಂದು, ಪಾರಾದವಳ ಮುಖ ಹೊತ್ತು ಪಕ್ಕದಲ್ಲಿರಬೇಕು. ಎಷ್ಟು ವರ್ಷವೋ. ಒಂದು ದಿನ ತನ್ನ ತಲೆಯೇ ಕೈಕೊಟ್ಟು, ಹೇಳಿದ ಸುಳ್ಳು ಯಾವುದು ಎಂಬುದೇ ಮರೆತುಹೋದರೆ? ಮೊದಲ ಬಾರಿಗೆ ಅವಳ ಎದೆ ಜೋರಾಗಿ ಹೊಡೆದುಕೊಂಡಿತು.

ಪುಟ್ಟ ಫೋನನ್ನು ತೊಡೆಯ ಮೇಲೆ ಮಗುಚಿಟ್ಟ. ಕಿಟಕಿಯಾಚೆ ಯಾರೋ ಕಾರನ್ನು ಸಣ್ಣ ಜಾಗಕ್ಕೆ ತೂರಿಸಲು ಹಿಂದೆ ಮುಂದೆ ಮಾಡುತ್ತಿದ್ದರು. ಅಕ್ಕ ತನ್ನ ಕುರ್ಚಿಯನ್ನು ಸದ್ದಾಗದ ಹಾಗೆ ಅವನ ಕಡೆಗೆ ಎಳೆದುಕೊಂಡಳು.

ಬಹಳ ಹೊತ್ತಿನ ಮೇಲೆ ಯಂತ್ರ ಪೀಂ ಎಂದಿತು. ನರ್ಸು ಬಂದು ಅದರ ಬಾಯಿ ಮುಚ್ಚಿಸಿ, ಕೈಗವಸು ಹಾಕಿಕೊಳ್ಳುತ್ತಾ, "ಮುಗೀತು, ತೆಗೆದುಬಿಡ್ಲಾ?" ಎಂದಳು.

"ತಾಳಿ ಸಿಸ್ಟರ್," ಎಂದ ಪುಟ್ಟ. "ಪೈಪಲ್ಲಿ ಇನ್ನೂ ಇದೆ."

"ಅಷ್ಟು ಉಳಿದೇ ಉಳಿಯುತ್ತೆ. ಪರವಾಗಿಲ್ಲ."

"ಒಂದ್ನಿಮಿಷ." ಅವನು ಉಗುರಿನಿಂದ ಪೈಪನ್ನು ಟಕ್ ಟಕ್ ಎಂದು ತಟ್ಟಿದ. ಒಳಬದಿಗೆ ಅಂಟಿಕೊಂಡಿದ್ದ ಹನಿಯೊಂದು ಅಲುಗಾಡಿ ಸ್ವಲ್ಪ ಕೆಳಗೆ ಜಾರಿ ನಿಂತಿತು. ಅವನು ಮತ್ತೆ ತಟ್ಟಿದ. "ಅಕ್ಕ, ಆ ಚೀಲ ಸ್ವಲ್ಪ ಮೇಲಕ್ಕೆ ಹಿಡಿ. ಹಿಡೀತೀಯಾ?"

ಅಕ್ಕ ಎದ್ದು, ಕಂಬದ ಕೊಕ್ಕೆಯಿಂದ ಕಂದು ಚೀಲವನ್ನು ಬಿಡಿಸಿ, ಎರಡೂ ಕೈ ಚಾಚಿ ಎಟುಕಿದಷ್ಟು ಎತ್ತರಕ್ಕೆ ಎತ್ತಿದಳು.

"ಇನ್ನೂ ಸ್ವಲ್ಪ," ಎಂದ ಪುಟ್ಟ, ಪೈಪಿನಿಂದ ಕಣ್ಣು ತೆಗೆಯದೆ.

ಅವಳು ತುದಿಗಾಲಲ್ಲಿ ನಿಂತಳು.